ಒಂದು ಮೂಗಿನ ಪರದೆ

1954ರ ‘ಬೇಡರ ಕಣ್ಣಪ್ಪ’ವನ್ನು 55 ಇಂಚಿನ ಟಿವಿಯಲ್ಲಿ ನೋಡಬಾರದು. ಇದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ಮೂರು ಜನರ ವಿರೋಧ ಕಟ್ಟಿಕೊಂಡರೂ ಬದಲಾಯಿಸಿಕೊಂಡಿಲ್ಲ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ, ರಾಜ್‌ಕುಮಾರ್ ಮೊದಲ ಬಾರಿಗೆ ನಾಯಕರಾದ ಆ ಚಿತ್ರದ ಮೇಲೆ ನನಗೇನೂ ಕೋಪವಿಲ್ಲ. ಅದನ್ನು ಯಾವುದೋ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿ ಯೂಟ್ಯೂಬಿಗೆ ಏರಿಸಿದ ಪುಣ್ಯಾತ್ಮರ ಮೇಲೂ ಇಲ್ಲ. ಅವರು ಏರಿಸದಿದ್ದರೆ ನಮಗೆ ಅಷ್ಟೂ ಸಿಗುತ್ತಿರಲಿಲ್ಲ. ಆದರೆ ನಮಗೆ ಸಿಕ್ಕಿದ್ದು 360 ಗೆರೆಯ ಚಿತ್ರ. ಟಿವಿಯಲ್ಲಿರುವುದು 2160 ಗೆರೆ. ಚಿತ್ರದ ಒಂದೊಂದು ಚುಕ್ಕಿಯೂ ಅಲ್ಲಿ ಮೂವತ್ತಾರು ಚುಕ್ಕಿಯ ಜಾಗ ತುಂಬಬೇಕು. ಹತ್ತಿರದಿಂದ ತೆಗೆದ ದೃಶ್ಯ ಬಂದಾಗಲೆಲ್ಲ ರಾಜ್‌ಕುಮಾರ್ ಮುಖ ನಮ್ಮ ಅತ್ತೆಯ ತವರುಮನೆಯ ಮೊಸಾಯಿಕ್ ನೆಲದ ಹಾಗೆ ಕಾಣುತ್ತಿತ್ತು. ಅದೇ ವಿಡಿಯೊವನ್ನು ಫೋನಿನಲ್ಲಿ ಹಾಕಿದರೆ ಭಕ್ತಿ, ಕಣ್ಣೀರು ಎಲ್ಲ ಸ್ವಚ್ಛ.

ಅತ್ತೆಗೆ ಮಾತ್ರ ಚುಕ್ಕಿಗಳ ಚಿಂತೆಯಿರಲಿಲ್ಲ. ಅವರ ಕಣ್ಣು ಪರದೆಯ ಎರಡು ಅಂಚಿನ ಕಪ್ಪು ಪಟ್ಟಿಗಳ ಮೇಲಿತ್ತು. “ಇಷ್ಟು ದುಡ್ಡು ಕೊಟ್ಟು ತಂದಿದ್ದೀರಿ, ಆ ಕಡೆ ಈ ಕಡೆ ಯಾಕಮ್ಮ ಹತ್ತಿಕೊಂಡಿಲ್ಲ? ಅಂಗಡಿಯವನಿಗೆ ಫೋನ್ ಮಾಡು” ಎಂದರು. ಹಳೆಯ ಸಿನಿಮಾದ ಚೌಕಟ್ಟು ನಾಲ್ಕಕ್ಕೆ ಮೂರರದು, ಈಗಿನ ಟಿವಿ ಹದಿನಾರಕ್ಕೆ ಒಂಬತ್ತರದು, ಹಾಗಾಗಿ ಪರದೆಯ ಕಾಲು ಭಾಗ ಖಾಲಿ ಉಳಿಯುತ್ತದೆ ಎಂದು ಮಗ ವಿವರಿಸಿದ. ಕಾಲು ಭಾಗ ಎಂಬ ಮಾತು ಅವನು ಆಡಬಾರದಿತ್ತು. ಟಿವಿಯ ಬೆಲೆಯ ಕಾಲು ಭಾಗ ಎಷ್ಟಾಗುತ್ತದೆ ಎಂದು ಅತ್ತೆ ಕೂತಲ್ಲೇ ಲೆಕ್ಕ ಹಾಕಿದರು. ತಾಯಿಯ ಸಂಕಟ ನೋಡಲಾರದೆ ನಮ್ಮ ಮನೆಯವರು ರಿಮೋಟಿನಲ್ಲಿ ಏನನ್ನೋ ಒತ್ತಿ ಚಿತ್ರವನ್ನು ಅಡ್ಡಡ್ಡ ಎಳೆದರು. ಕಾಡಿನಲ್ಲಿ ಬೇಟೆಯಾಡಿ ಬದುಕುವ ಬೇಡನಿಗೆ ಒಂದೇ ಕ್ಷಣದಲ್ಲಿ ಹೊಟ್ಟೆ ಬಂತು. “ಈಗ ಸರಿಯಾಯ್ತು” ಎಂದರು ಅತ್ತೆ.

ನಾವಿರುವುದು ನಾಲ್ಕು ಜನ, ಪರದೆಗಳು ಏಳು. ಇದರಲ್ಲಿ ಲ್ಯಾಪ್‌ಟಾಪಿನ ಮೇಲೆ ನನಗೆ ವಿಶೇಷ ಮಮತೆ, ಅದು ಬೇರೆ ಯಾರಿಗೂ ಬೇಡ ಎಂಬ ಕಾರಣಕ್ಕೆ. ಚಾರ್ಜರ್ ಕಿತ್ತರೆ ತಕ್ಷಣ ಪ್ರಾಣ ಬಿಡುತ್ತದೆ, ಚುಚ್ಚಿಟ್ಟರೆ ಬುಸುಗುಟ್ಟುತ್ತದೆ. ಡಿಸೆಂಬರಿನ ಮೈಸೂರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಂಗೀತ ಕಚೇರಿ ಕೇಳುವುದಕ್ಕೆ ಅದಕ್ಕಿಂತ ಹಿತವಾದದ್ದು ಇಲ್ಲ. ಮಗನಿಗೆ ಲ್ಯಾಪ್‌ಟಾಪ್ ಅಂದರೆ ಓದು, ನಮ್ಮ ಮನೆಯವರಿಗೆ ಆಫೀಸು. ಅದರಲ್ಲಿ ಸಂತೋಷಕ್ಕಾಗಿ ಏನನ್ನಾದರೂ ನೋಡುವವಳು ನಾನೊಬ್ಬಳೇ. ಫೋನನ್ನಾದರೆ ಮಲಗಿಯೂ ನೋಡಬಹುದು ನಿಜ. ಆದರೆ ಸೊಳ್ಳೆಪರದೆಯೊಳಗೆ ಅಂಗಾತ ಮಲಗಿ ನೋಡುವಾಗ ನಿದ್ದೆ ಹತ್ತಿತೋ, ಫೋನು ನೇರವಾಗಿ ಮೂಗಿನ ಮೇಲೆ ಬೀಳುತ್ತದೆ. ಲ್ಯಾಪ್‌ಟಾಪ್ ಹಾಗೆ ಮಾಡಿದ್ದಿಲ್ಲ.

ಮೂಗಿನ ಮಾತು ಬಂದದ್ದರಿಂದ ಮಗನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಟಿವಿ ಕೊಳ್ಳುವ ಮಾತು ಎದ್ದಾಗ ಅವನೊಬ್ಬ ಬೇಡವೆಂದಿದ್ದ. ಟೇಪು ತಂದು ಹಾಲಿನಲ್ಲಿ ಅಳತೆ ಮಾಡಿದ. ಆರೂವರೆ ಇಂಚಿನ ಫೋನನ್ನು ಕಣ್ಣಿನಿಂದ ಒಂದಡಿ ದೂರದಲ್ಲಿ ಹಿಡಿದರೂ ಒಂದೇ, 55 ಇಂಚಿನ ಟಿವಿಯನ್ನು ಎಂಟೂವರೆ ಅಡಿ ದೂರದಿಂದ ನೋಡಿದರೂ ಒಂದೇ. ಎರಡೂ ಕಣ್ಣಿನಲ್ಲಿ ಅಷ್ಟೇ ಜಾಗ ಹಿಡಿಯುತ್ತವೆ ಎಂದ. ನಾನು ನಂಬಲಿಲ್ಲ. ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲೆ ಅವನು ಸುಣ್ಣದಲ್ಲಿ ಗೀಚಿದ ಟಿವಿಯ ಗುರುತಿಗೆ ಫೋನನ್ನು ಅಡ್ಡ ಹಿಡಿಸಿದ. ಫೋನು ಅದನ್ನು ಪೂರ್ತಿ ಮುಚ್ಚಿತು. ರೇಖಾಗಣಿತದ ಮುಂದೆ ನಾನೇನು ಹೇಳಲಿ? ಅತ್ತೆಯೇ ಉತ್ತರ ಕೊಟ್ಟರು: “ಸರಿ ಕಣಪ್ಪ, ಆ ಒಂದಡಿ ದೂರದಲ್ಲಿ ಎಷ್ಟು ಮೂಗು ಹಿಡಿಯುತ್ತೆ?”

ಟಿವಿ ಬಂತು.

ಮಾರುವವರಿಗೂ ಈ ಮೂಗಿನ ಲೆಕ್ಕ ಚೆನ್ನಾಗಿ ಗೊತ್ತಿದೆ. 2019ರಲ್ಲಿ ನೆಟ್‌ಫ್ಲಿಕ್ಸ್ ನಮ್ಮ ದೇಶಕ್ಕೆಂದು ತಿಂಗಳಿಗೆ 199 ರೂಪಾಯಿಯ ಯೋಜನೆಯೊಂದನ್ನು ತಂದಿತು. ಫೋನು ಅಥವಾ ಟ್ಯಾಬಿನಲ್ಲಿ ಮಾತ್ರ ನೋಡಬೇಕು, ಒಂದು ಹೊತ್ತಿಗೆ ಒಂದೇ ಪರದೆ, ಟಿವಿಗೆ ದಾಟಿಸುವಂತಿಲ್ಲ. ಒಬ್ಬರೇ ಮೂಲೆ ಸೇರಿ ನೋಡಿದರೆ ರಿಯಾಯಿತಿ, ಮನೆಮಂದಿಯೆಲ್ಲ ಕೂತು ನೋಡುವುದಾದರೆ ಹೆಚ್ಚು ದರ. ನಾಟಕ ಕಂಪನಿಗಳ ಕಾಲದಲ್ಲಿ ಇಂಥ ಟಿಕೆಟ್ಟು ಇಟ್ಟಿದ್ದರೆ ಜನ ಡೇರೆಗೆ ಕಲ್ಲು ಹೊಡೆಯುತ್ತಿದ್ದರೇನೋ.

ಹಾಗೆಂದು ಟಿವಿಯಲ್ಲಿ ನೋಡುವುದೇನು ನೆಮ್ಮದಿಯ ಕೆಲಸವಲ್ಲ. ಮೊದಲನೆಯದು ಹುಡುಕುವ ಕಷ್ಟ. ಬಾಣದ ಗುಂಡಿ ಒತ್ತುತ್ತ ‘ವೈ’ಯಿಂದ ‘ಎ’ಗೆ, ‘ಎ’ಯಿಂದ ‘ಕೆ’ಗೆ ನಡೆದು ‘ಯಕ್ಷಗಾನ’ ಎಂದು ಬರೆದು ಮುಗಿಸುವಷ್ಟರಲ್ಲಿ ಚೌಕಿಯಲ್ಲಿ ಒಬ್ಬರ ವೇಷ ಕಟ್ಟಿ ಆಗಿರುತ್ತದೆ. ರಿಮೋಟಿಗೆ ಬಾಯಲ್ಲೇ ಹೇಳಿದರಾಯಿತು ಎಂದು ಮಗ ಕಲಿಸಿಕೊಟ್ಟ. ಅತ್ತೆ ಅದನ್ನು ಬಾಯಿಯ ಹತ್ತಿರ ಹಿಡಿದು, ಕಾಲೇಜಿನಲ್ಲಿ ಹಾಜರಿ ಕೂಗುವವರ ಗತ್ತಿನಲ್ಲಿ “ಬೇಡರ ಕಣ್ಣಪ್ಪ” ಎಂದರು. ಟಿವಿ ‘ಬೆಟರ್ ಕ್ಯಾನಪಿ’ ಎಂದು ಬರೆದುಕೊಂಡು, ಮಂಚದ ಮೇಲೆ ಬಟ್ಟೆ ಇಳಿಬಿಡುವುದನ್ನು ಒಬ್ಬ ಅಮೆರಿಕದ ಹೆಂಗಸಿನ ಕೈಲಿ ತೋರಿಸಿತು. ಅತ್ತೆ ಅದನ್ನು ಪೂರ್ತಿ ನೋಡಿದರು. ಚೆನ್ನಾಗಿತ್ತಂತೆ.

ಎರಡನೆಯದು ಮಾನದ ಪ್ರಶ್ನೆ. ಫೋನು ನಮ್ಮ ಗುಟ್ಟು ಕಾಯುತ್ತದೆ. ಟಿವಿಗೆ ಆ ಗುಣವಿಲ್ಲ. ಎಲ್ಲರೂ ಒಂದೇ ಖಾತೆಯಲ್ಲಿ ನೋಡುವುದರಿಂದ ಯಾರು ಏನು ನೋಡಿದರು ಎಂಬುದನ್ನೆಲ್ಲ ನೆನಪಿಟ್ಟುಕೊಂಡು, ಮನೆಗೆ ನೆಂಟರು ಬಂದು ಕಾಫಿ ಲೋಟ ಎತ್ತಿಕೊಂಡ ಹೊತ್ತಿಗೆ ಸಾಲಾಗಿ ತೋರಿಸುತ್ತದೆ: ವಿಷ್ಣು ಸಹಸ್ರನಾಮ, ಕೂದಲು ಉದುರುವುದಕ್ಕೆ ಮನೆಮದ್ದು, ನಲವತ್ತೈದರ ಮೇಲೆ ಕೆಲಸ ಬಿಟ್ಟವರು ಬದುಕುವುದು ಹೇಗೆ. ಮೂರನೆಯದನ್ನು ನೋಡಿದವರು ಯಾರು ಎಂದು ಆವತ್ತೂ ಯಾರೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಮ್ಮ ಮನೆಯವರು ಎದ್ದು ಹೋಗಿ ನೆಂಟರಿಗೆ ಇನ್ನಷ್ಟು ಚಕ್ಕುಲಿ ತಂದರು.

ಅಡುಗೆಮನೆಯಲ್ಲಿ ಮಾತ್ರ ಯಾವುದರಲ್ಲಿ ನೋಡುವುದು ಎಂಬ ಚರ್ಚೆಯೇ ಇಲ್ಲ. ಫೋನು, ಅದೂ ನನ್ನದೇ ಹಳೆಯ ಫೋನು. ಜಿಪ್ ಕವರಿನೊಳಗೆ ಹಾಕಿ ಸಾಂಬಾರ ಡಬ್ಬಿಗೆ ಒರಗಿಸಿಟ್ಟರೆ ಎಣ್ಣೆ ಸಿಡಿದರೂ ಚಿಂತೆಯಿಲ್ಲ. ಮಿಕ್ಸಿ, ಕುಕ್ಕರಿನ ಗಲಾಟೆಯಲ್ಲಿ ಸದ್ದು ಕೇಳದಿದ್ದರೆ ಸ್ಟೀಲಿನ ಚೊಂಬಿನೊಳಗೆ ನಿಲ್ಲಿಸುತ್ತೇನೆ; ಒಳಗಿನಿಂದ ಧ್ವನಿ ತುಂಬಿಕೊಂಡು ಬರುತ್ತದೆ, ಆದರೆ ಮುಖ ಚೊಂಬಿನೊಳಗೆ ಮುಳುಗಿರುತ್ತದೆ. ಹಾಗೆ ನಾನು ಕಲಿತ ಅಡುಗೆಗಳಲ್ಲಿ ಅರ್ಧದಷ್ಟನ್ನು ಕಣ್ಣಿನಿಂದ ನೋಡಿಯೇ ಇಲ್ಲ. ಒಗ್ಗರಣೆಗೆ ಸಾಸಿವೆ ಸಿಡಿಯುತ್ತಿದ್ದಂತೆ ಜಾಹೀರಾತು ಬರುವುದಂತೂ ನಿಯಮ. ಮುಂದೆ ಏನು ಹಾಕಬೇಕು ಎಂದು ವಿಡಿಯೊದವರು ಹೇಳುವುದರೊಳಗೆ ಸಾಸಿವೆ ಕಪ್ಪಾಗಿ, ನಾನು ನನ್ನ ಅಮ್ಮ ಹಾಕುತ್ತಿದ್ದದ್ದನ್ನೇ ಹಾಕಿ ಮುಗಿಸಿರುತ್ತೇನೆ.

ಕ್ರಿಕೆಟ್ಟಿನ ದಿನ ಮಾತ್ರ ಮಗನೊಬ್ಬನನ್ನು ಬಿಟ್ಟು ಎಲ್ಲರೂ ಟಿವಿಯ ಮುಂದೆ. ಇಂಟರ್‌ನೆಟ್ಟಿನಲ್ಲಿ ಬರುವ ನೇರ ಪ್ರಸಾರ ನೇರವಲ್ಲ ಎಂಬುದು ನಮಗೆ ತಿಳಿದದ್ದು ಅಲ್ಲಿಯೇ. ಮೈದಾನದಿಂದ ಬಂದದ್ದನ್ನು ತುಂಡು ಮಾಡಿ, ಒತ್ತಿ, ಕಳಿಸಿ, ನಮ್ಮ ಮನೆಯಲ್ಲಿ ಕೆಲವು ತುಂಡು ಕೂಡಿಟ್ಟುಕೊಂಡ ಮೇಲೆ ತೋರಿಸುತ್ತಾರೆ. ಡಿಶ್ ಹಾಕಿಸಿಕೊಂಡ ಮನೆಗಳಿಗಿಂತ ನಾವು ಯಾವಾಗಲೂ ಹಿಂದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನ ಫೈನಲ್ಲಿನಲ್ಲಿ ಪಂಜಾಬಿನ ಮೇಲೆ ಆರು ರನ್ನಿನಿಂದ ಆರ್‌ಸಿಬಿ ಗೆದ್ದಾಗ, ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದು ಮುಗಿಯುತ್ತಿತ್ತು, ನಮ್ಮ ಟಿವಿಯಲ್ಲಿ ಇನ್ನೂ ಬೌಲರ್ ಓಡಿ ಬರುತ್ತಿದ್ದ. ರೂಮಿನಲ್ಲಿ ಫೋನು ಹಿಡಿದು ಕೂತ ಮಗ ಮತ್ತೊಂದು ಹೊತ್ತಿಗೆ ಕಿರುಚಿದ. ಒಂದೇ ಗೆಲುವು ನಮ್ಮ ಮನೆಗೆ ಮೂರು ಸಲ ಬಂತು. ಹದಿನೆಂಟು ವರ್ಷ ಕಾದವರಿಗೆ ಇನ್ನೊಂದು ಅರೆ ನಿಮಿಷ ಏನು ಮಹಾ ಎಂದು ನಮ್ಮ ಮನೆಯವರು ಸಮಾಧಾನ ಹೇಳಿದರು. ಮರುದಿನ ಬೆಂಗಳೂರಿನಲ್ಲಿ ಆಗಲಿದ್ದ ಕಾಲ್ತುಳಿತದ ಅನಾಹುತ ಆ ರಾತ್ರಿ ಯಾರಿಗೂ ಗೊತ್ತಿರಲಿಲ್ಲ.

ಹಿಂದೆ ಬೀಳುವುದು ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಸಾಗರದ ಕಡೆಯ ಒಂದು ಹಳ್ಳಿ. 1987ರ ಜನವರಿ 25ರ ಭಾನುವಾರ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಶುರುವಾಯಿತು. ಊರಿಗೆ ಅದು ಮುಟ್ಟುವ ಹೊತ್ತಿಗೆ ಇದ್ದದ್ದು ಒಂದೇ ಟಿವಿ, ಮೇಲಿನಮನೆಯವರದು. ಮರದ ಪೆಟ್ಟಿಗೆಯೊಳಗೆ, ಎರಡು ಕಡೆಗೆ ಸರಿಯುವ ಬಾಗಿಲಿನ ಹಿಂದೆ ಬೀಗ ಹಾಕಿಕೊಂಡು ಕೂತಿತ್ತು. ಯಾವುದರಲ್ಲಿ ನೋಡುವುದು ಎಂಬ ಪ್ರಶ್ನೆಯೇ ಇಲ್ಲ, ಎಲ್ಲಿ ಕೂರುವುದು ಎಂಬುದೊಂದೇ. ದೊಡ್ಡವರು ಬೆಂಚಿನ ಮೇಲೆ, ಹೆಂಗಸರು ಒಳಬಾಗಿಲಿನ ಹತ್ತಿರ, ಮಕ್ಕಳು ನೆಲದ ಮೇಲೆ. ತಡವಾಗಿ ಬಂದವರಿಗೆ ಕಂಬದ ಹಿಂದಿನ ಜಾಗ. ದನ ಬಿಟ್ಟು ಬರುವುದು ನನ್ನ ಪಾಲಿನ ಕೆಲಸವಾದ್ದರಿಂದ ಆ ಕಂಬ ನನಗೆ ಕಾಯಂ ಆಗಿತ್ತು. ಪರದೆಯ ಎಡಭಾಗವನ್ನು ಅದು ನುಂಗುತ್ತಿತ್ತು. ನಾನು ನೋಡಿದ ರಾಮಾಯಣದಲ್ಲಿ ರಾಮ ಯಾವಾಗಲೂ ಇದ್ದಾನೆ, ಸೀತೆ ಆಗೊಮ್ಮೆ ಈಗೊಮ್ಮೆ.

ಹಿಂದಿ ಯಾರಿಗೂ ಬಾರದು. ಕನ್ನಡ ಶಾಲೆಯ ಮೇಷ್ಟ್ರು ಟಿವಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಅವರಿಗೆ ಅವಸರವಿಲ್ಲ. ಟಿವಿಯಲ್ಲಿ ರಾಮ ನಾರುಮಡಿ ಉಟ್ಟು ಹೊರಟು ನಿಂತರೂ ಮೇಷ್ಟ್ರು ಇನ್ನೂ ಕೈಕೇಯಿಯ ಕೋಪಗೃಹದಲ್ಲೇ ಇರುತ್ತಿದ್ದರು. ನಡುವೆ ಕರೆಂಟು ಹೋದರೆ ಕತೆಯನ್ನು ಅವರೇ ಮುಂದುವರಿಸುತ್ತಿದ್ದರು. ಕರೆಂಟು ಬಂದಾಗ ಟಿವಿ ಎಲ್ಲೋ, ಮೇಷ್ಟ್ರು ಎಲ್ಲೋ. ಅತ್ತ ಹೆಂಚಿನ ಮೇಲೆ ಆಂಟೆನಾ ತಿರುಗಿಸುತ್ತ ನಿಂತ ಹುಡುಗನಿಗೆ ಇತ್ತ ರಾಮನೂ ಇಲ್ಲ, ಮೇಷ್ಟ್ರೂ ಇಲ್ಲ. ಅವನು ಇಡೀ ರಾಮಾಯಣವನ್ನು “ಬಂತು, ಬಂತು, ಹೋಯ್ತು” ಎಂಬ ಮೂರು ಮಾತಿನಲ್ಲಿ ಕೇಳಿ ಮುಗಿಸಿದ. 2020ರ ಮಾರ್ಚ್ 28ರಿಂದ, ಲಾಕ್‌ಡೌನಿನಲ್ಲಿ, ದೂರದರ್ಶನ ಅದನ್ನು ಮತ್ತೆ ಹಾಕಿದಾಗ ಮೈಸೂರಿನ ಮನೆಯಲ್ಲಿ ಕಂಬವಿಲ್ಲದೆ ಪೂರ್ತಿ ನೋಡಿದೆ. ಎಡಭಾಗದಲ್ಲಿ ನಾನು ಊಹಿಸಿಕೊಂಡಿದ್ದಷ್ಟು ಏನೂ ಇರಲಿಲ್ಲ.

ಅದೇ ವರ್ಷ ಮಗನ ಆನ್‌ಲೈನ್ ತರಗತಿಗೆಂದು ಕೊಂಡ ಟ್ಯಾಬು, ಶಾಲೆ ತೆರೆದ ಮೇಲೆ ಊರಿಗೆ ಅಪ್ಪಯ್ಯನ ಪಾಲಿಗೆ ಹೋಯಿತು. ಆದರೆ ಊರಿನಲ್ಲಿ ಪರದೆಯಿದ್ದರೆ ಸಾಲದು, ನೆಟ್‌ವರ್ಕ್ ಬೇಕು. ಅದು ನಮ್ಮ ಮನೆಯಲ್ಲಿ ಸಿಗುವುದು ಅಟ್ಟದ ಮೇಲೆ, ಹಲಸಿನ ಮರದ ಕಡೆಯ ಬೆಳಕಿಂಡಿಯಲ್ಲಿ ಮಾತ್ರ. ಅಪ್ಪಯ್ಯ ಫೋನನ್ನು ಸಂತೆಚೀಲಕ್ಕೆ ಹಾಕಿ ಆ ಬೆಳಕಿಂಡಿಯ ಸರಳಿಗೆ ತೂಗುಹಾಕುತ್ತಾರೆ. ಹಾಟ್‌ಸ್ಪಾಟ್ ಅಲ್ಲಿಂದ ಇಳಿದು ಜಗಲಿಯ ಟ್ಯಾಬಿಗೆ ಬರುತ್ತದೆ. ವಿಡಿಯೊ ನೋಡುವಷ್ಟು ಹೊತ್ತು ಅವರಿಗೆ ಫೋನು ಮಾಡುವುದು ವ್ಯರ್ಥ. ಅಟ್ಟದಲ್ಲಿ ಅದು ಬಡಿದುಕೊಳ್ಳುತ್ತದೆ, ಅವರು ಏಣಿ ಹತ್ತಿ ಚೀಲ ಬಿಚ್ಚುವಷ್ಟರಲ್ಲಿ ಸುಮ್ಮನಾಗುತ್ತದೆ. “ಸಾಯೋ ಸುದ್ದಿ ಬಂದರೂ ಭಾಗವತರ ಪದ ಮುಗಿದ ಮೇಲೇ ಇವರಿಗೆ ಗೊತ್ತಾಗೋದು” ಎಂದು ಅಮ್ಮ ಬೈಯುತ್ತಾಳೆ.

ನೋಡುವುದು ಒಂದೇ, ಯಕ್ಷಗಾನ. ನೆಟ್‌ವರ್ಕಿನ ಯೋಗ್ಯತೆ ನೋಡಿಕೊಂಡು ಆ್ಯಪು ನಿಚ್ಚಳವಾದ ತುಂಡನ್ನೋ ಮಬ್ಬು ತುಂಡನ್ನೋ ಎತ್ತಿಕೊಳ್ಳುತ್ತದಂತೆ. ಹಾಗಾಗಿ ಅವರಿಗೆ ಪೀಠಿಕೆಯ ಮಾತೆಲ್ಲ ಕನ್ನಡಿಯಷ್ಟು ಸ್ಪಷ್ಟ, ಯುದ್ಧ ಬಂದಾಗ ಎಲ್ಲ ಮಸುಕು. ದಿನದ ಒಂದೂವರೆ ಜಿಬಿ ರಾತ್ರಿ ಹನ್ನೆರಡಕ್ಕೆ ಲೆಕ್ಕದಿಂದ ಹೋಗಿಬಿಡುತ್ತದೆ ಎಂದು ಯಾರೋ ಹೇಳಿದ ಮೇಲೆ ಅವರಿಗೆ ಬೇಗ ಮಲಗುವುದಕ್ಕೆ ಮನಸ್ಸಾಗುವುದಿಲ್ಲ. ಬಾಳೆಲೆಯಲ್ಲಿ ಅಗುಳು ಬಿಡದ ಮನುಷ್ಯ, ದುಡ್ಡು ಕೊಟ್ಟು ತಂದ ಡೇಟಾ ಬಿಟ್ಟಾರೆಯೇ? ಹನ್ನೊಂದರ ಮೇಲೆ ಅವರು ಹಾಕುವುದು ಗುಂಡ್ಮಿ ಕಾಳಿಂಗ ನಾವುಡರ ಪದಗಳನ್ನು. ನಾವುಡರು 1990ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿ, ಅಪಘಾತದಲ್ಲಿ ಹೋದರು. ಅಪ್ಪಯ್ಯನ ಟ್ಯಾಬಿನಲ್ಲಿ ಇರುವುದು ಹಳೆಯ ಕ್ಯಾಸೆಟ್ಟಿನ ಧ್ವನಿ, ಅದರ ಮೇಲೆ ಯಾರೋ ಅಂಟಿಸಿದ ಒಂದೇ ಒಂದು ಫೋಟೊ. ಅಲುಗುವುದಿಲ್ಲ, ಬದಲಾಗುವುದಿಲ್ಲ. ಬರೀ ಕೇಳುವುದಾದರೆ ಪರದೆ ಆರಿಸಿ ಬ್ಯಾಟರಿ ಉಳಿಸಬಹುದಲ್ಲ ಅಂದರೆ “ನೋಡ್ತಾ ಇದ್ದೆ ಮಾರಾಯ್ತಿ” ಅನ್ನುತ್ತಾರೆ. ಆ ಫೋಟೊವನ್ನು ಮುಕ್ಕಾಲು ಗಂಟೆ ನೋಡುತ್ತಾರೆ. 4ಕೆ ಟಿವಿ ಮಾರುವವರು ಇಂಥ ಗಿರಾಕಿಯನ್ನು ಏನು ಮಾಡಬೇಕೋ ನನಗೆ ತಿಳಿಯದು.

ಕಣ್ಣಿನ ಪೊರೆ ತೆಗೆಸುವುದಕ್ಕೆ ಅಪ್ಪಯ್ಯ ಮೈಸೂರಿಗೆ ಬಂದಾಗ ಟ್ಯಾಬನ್ನೂ ಪಂಚೆಯಲ್ಲಿ ಸುತ್ತಿ ತಂದಿದ್ದರು. ಆಪರೇಶನ್ ಆದ ಮೇಲೆ ಚಿಕ್ಕ ಪರದೆಯನ್ನು ಹತ್ತಿರ ಹಿಡಿದು ನೋಡುವುದು ಕೆಲವು ದಿನ ಬೇಡ ಎಂದರು ಡಾಕ್ಟರು. ನಮ್ಮ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಹಾಲಿನ ಪರದೆ ಎಳೆದು, ಬೀಗರಿಗೆಂದು ಒಳ್ಳೆಯ ಕುರ್ಚಿ ಬಿಟ್ಟುಕೊಟ್ಟು, ಅಪ್ಪಯ್ಯ ನೂರು ಸಲ ನೋಡಿರಬಹುದಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಟಿವಿಗೆ ಹಾಕಿದೆವು. 2012ರಲ್ಲಿ ಪದ್ಮಶ್ರೀ ಪಡೆದ, 2017ರಲ್ಲಿ ಕಾಲವಾದ ಚಿಟ್ಟಾಣಿಯವರು ಯಾವುದೋ ಊರಿನ ಬಯಲಿನಲ್ಲಿ, ಯಾರದೋ ಕೈಕ್ಯಾಮೆರಾದ ಮುಂದೆ ಕುಣಿದದ್ದು. ಮೊದಲೇ ಮಬ್ಬು, ಟಿವಿಯಲ್ಲಿ ಇನ್ನೂ ಮಬ್ಬು. ನಾನು ಒಳಗೊಳಗೇ ನನ್ನ ವಾದ ಗೆದ್ದಿತೆಂದುಕೊಂಡೆ.

ನಡುವೆ ಕ್ಯಾಮೆರಾದವನು ಒಂದು ಸಲ ಪ್ರೇಕ್ಷಕರ ಕಡೆ ತಿರುಗಿಸಿದ್ದ. ಟ್ಯಾಬಿನಲ್ಲಿ ಅದು ಬರೀ ಕತ್ತಲು. ಇಲ್ಲಿ ಕತ್ತಲೊಳಗೆ ತಲೆಗಳಿದ್ದವು.

“ನಿಲ್ಸು, ನಿಲ್ಸು” ಎಂದರು ಅಪ್ಪಯ್ಯ. ಮುಂದಿನ ಸಾಲಿನ ಕೊನೆಯಲ್ಲಿ, ತಲೆಗೆ ಮಫ್ಲರ್ ಸುತ್ತಿಕೊಂಡವನೊಬ್ಬ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. “ಇವ ನಮ್ಮ ತಮ್ಮ.” ಚಿಕ್ಕಪ್ಪ ತೀರಿಕೊಂಡು ವರ್ಷಗಳಾದವು. ಅವನದೆಂದು ಮನೆಯಲ್ಲಿ ಇರುವುದು ಮದುವೆಯ ಫೋಟೊ ಮತ್ತು ಆಧಾರ್ ಕಾರ್ಡು. ಎರಡರಲ್ಲೂ ಅವನು ಹೆದರಿಕೊಂಡೇ ಇದ್ದಾನೆ. ಇಲ್ಲಿ ಇಷ್ಟು ಆರಾಮಾಗಿ ಮಲಗಿದ್ದ. ಹತ್ತಿರ ಹೋದರೆ ಬರೀ ಚೌಕಚೌಕ, ದೂರ ಬಂದರೆ ಚಿಕ್ಕಪ್ಪ. ಮಗ ಟಿವಿಯ ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಸಿರಸಿ, ಬೆಂಗಳೂರು, ಪುಣೆಗಳಲ್ಲಿ ತಮ್ಮತಮ್ಮ ಫೋನಿನಲ್ಲಿ ಎರಡು ಬೆರಳಿನಿಂದ ಅವನನ್ನು ಹಿಗ್ಗಿಸಿ ನೋಡಿದರು. ಚಿಕ್ಕಪ್ಪನ ಮಗಳು ಅಪ್ಪನೇ ಹೌದು ಅಂದಳು. ಅಮ್ಮ ಮಾತ್ರ ಅಟ್ಟ ಹತ್ತಿ ವಿಡಿಯೊ ಕಾಲ್ ಮಾಡಿ, “ಆ ಮಫ್ಲರ್ ಹೆಣೆದವಳು ನಾನು. ಅದು ನಿನ್ನ ಅಪ್ಪಯ್ಯನೇ” ಎಂದಳು.

“ಚಿಟ್ಟಾಣಿ ಕುಣಿವಾಗ ನಾನು ನಿದ್ದೆ ಮಾಡೋದುಂಟಾ?” ಅಪ್ಪಯ್ಯನಿಗೆ ನಿಜವಾಗಿ ಸಿಟ್ಟು ಬಂದಿತ್ತು. “ಮತ್ತೆ, ನಾನೇ ಆದರೆ ಪಕ್ಕದಲ್ಲಿ ಅವನಿರಬೇಕಿತ್ತು. ನಾವು ಬೇರೆ ಬೇರೆ ಕೂತದ್ದೇ ಇಲ್ಲ.”

ಪಕ್ಕದ ಕುರ್ಚಿ ಚೌಕಟ್ಟಿನ ಆಚೆಗಿತ್ತು. ಅದರ ಕೈಯ ಮೇಲೆ ಒಂದು ಮೊಣಕೈ ಮಾತ್ರ ಕಾಣುತ್ತಿತ್ತು. “ಹಾಗಾದರೆ ಇದು ಯಾರ ಮೊಣಕೈ ಅಜ್ಜ?” ಎಂದ ಮಗ. ಅಪ್ಪಯ್ಯ ಅಂಗಿಯ ತೋಳು ಮಡಚಿ ತಮ್ಮದನ್ನು ಟಿವಿಯ ಪಕ್ಕ ಹಿಡಿದರು. ನಮ್ಮ ಮನೆಯವರು ಟೇಪು ತರಲು ಎದ್ದರು.

“ಬೀಗರೇ,” ಎಂದರು ಅತ್ತೆ, “ಪಾಪ ಆ ಭಸ್ಮಾಸುರ ತಲೆ ಮೇಲೆ ಕೈ ಇಟ್ಟುಕೊಳ್ಳೋದಕ್ಕೆ ಆವಾಗಿನಿಂದ ಕಾಯ್ತಾ ಇದ್ದಾನೆ. ಮೊದಲು ಅವನನ್ನು ಸುಟ್ಟು ಮುಗಿಸಿಬಿಡಿ. ಆಮೇಲೆ ಮೊಣಕೈ ಅಳೆಯೋರಂತೆ.”